ಎಣಿಕೆ ಸರಿ ಇತ್ತು

ವಾರಾಣಸಿ
14 ಅಕ್ಟೋಬರ್ 2024

ಅವ್ವಾ,

ಮೊದಲು ಕಾಲು ಚಾಚಿ ಕೂತುಕೋ, ಆಮೇಲೆ ಓದು. ಮೊಣಕಾಲಿನ ಆಪರೇಶನ್ ಆಗಿ ಹದಿನೈದು ದಿನ ಆಗಿಲ್ಲ, ಆಗಲೇ ಹಿತ್ತಲಿಗೆ ಓಡಾಡುತ್ತಿದ್ದೀಯಂತೆ. ಯಾರು ಹೇಳಿದರು ಅಂತ ಕೇಳಬೇಡ.

ನಿನ್ನೆ ಫೋನ್ ಇಟ್ಟಮೇಲೆ ನನಗೆ ಊಟ ಸೇರಲಿಲ್ಲ. ನಾವಿಬ್ಬರೂ ಫೋನ್ ಹಿಡಿದರೆ ಮೂರನೇ ಮಾತಿಗೆ ದನಿ ಏರುತ್ತದೆ. ದೊಡ್ಡ ಮಾತಿದ್ದರೆ ಕಾಗದದಲ್ಲೇ ಆಗಲಿ ಅಂತ ನಿಯಮ ಮಾಡಿದವಳು ನೀನು. ಪಾಲಿಸುತ್ತಿದ್ದೇನೆ.

ಮಾತು ಇಷ್ಟೇ. ಇಪ್ಪತ್ತೆರಡು ವರ್ಷದಿಂದ ನೀನು ಗದಗದ ಹೆಣ್ಣುಮಕ್ಕಳನ್ನು ಕಾಶಿಗೆ ಕರೆದುಕೊಂಡು ಬರುತ್ತಿದ್ದೀಯ. ಈ ಸಲ ಕಾಲು ಬಿಡುವುದಿಲ್ಲ. ನಾನು ಇಲ್ಲೇ ವಿಶ್ವವಿದ್ಯಾಲಯದಲ್ಲಿ ಪ್ರವಾಸೋದ್ಯಮ ನಿರ್ವಹಣೆಯ ಎರಡನೇ ವರ್ಷದಲ್ಲಿದ್ದೇನೆ. ಕಾರ್ತಿಕದ ತಂಡವನ್ನು ನಾನು ನೋಡಿಕೊಳ್ಳುತ್ತೇನೆ ಅಂದೆ, ನೀನು ಒಪ್ಪಿದೆ. ಒಪ್ಪಿದ ಮೇಲೆ ಎಲ್ಲವೂ ನಿನ್ನ ರೀತಿಯಲ್ಲೇ ನಡೆಯಬೇಕು ಅನ್ನುತ್ತೀಯ. ಅದು ನನ್ನಿಂದ ಆಗುವುದಿಲ್ಲ.

ಹೆಂಗಸರನ್ನು ಇಬ್ಬಿಬ್ಬರಂತೆ ಜೋಡಿ ಮಾಡುವುದು, ಹೊರಡುವಾಗೆಲ್ಲ 'ನಿಮ್ಮ ಜೋಡಿ ಅದಾಳೇನ?' ಅಂತ ಕೂಗುವುದು, ಒಬ್ಬಳು ಬಳೆ ಅಂಗಡಿಯಲ್ಲಿ ನಿಂತರೆ ಅವಳ ಜೋಡಿಯೂ ನಿಲ್ಲುವುದು, ಅವರಿಗಾಗಿ ಉಳಿದವರೆಲ್ಲ ಬಿಸಿಲಲ್ಲಿ ಕಾಯುವುದು. ನಾನು ಹೈಸ್ಕೂಲಿನಲ್ಲಿದ್ದಾಗ ನಿನ್ನ ಜೊತೆ ಬಂದು ಕಣ್ಣಾರೆ ನೋಡಿದ್ದೇನೆ. ಇಬ್ಬರು ಬಾಳೆಹಣ್ಣಿಗಾಗಿ ಮುನಿಸಿಕೊಂಡು ಇಡೀ ತಂಡ ದೋಣಿ ತಪ್ಪಿಸಿಕೊಂಡಿತ್ತು. ಈಗ ನಾನು ಎಲ್ಲರಿಗೂ ಹಳದಿ ಬ್ಯಾಡ್ಜ್ ಮಾಡಿಸಿದ್ದೇನೆ, ಮೇಲೆ ನಾವು ಇಳಿದುಕೊಳ್ಳುವ ಮಠದ ಫೋನ್ ನಂಬರ್ ಇದೆ. ಒಂದೊಂದು ಜಾಗ ಬಿಡುವಾಗ ಎಣಿಸುತ್ತೇನೆ. ಮೂವತ್ತೆಂಟು ಇದ್ದರೆ ಹೊರಡುತ್ತೇವೆ, ಇಲ್ಲದಿದ್ದರೆ ಇಲ್ಲ. ನಮ್ಮ ವಸುಮತಿ ಮೇಡಂ ಮೈಸೂರಿನವರು, ಯಾತ್ರಿಕರ ನಿರ್ವಹಣೆಯ ವಿಷಯ ಪಾಠ ಮಾಡುತ್ತಾರೆ. ಇದನ್ನೇ ಇಂಟರ್ನ್‌ಶಿಪ್ ವರದಿ ಮಾಡು ಅಂದಿದ್ದಾರೆ.

ಒಂದು ಸಲ ನನ್ನನ್ನು ನಂಬಿ ನೋಡು.

ಭವಾನಿ


ಗದಗ
24 ಅಕ್ಟೋಬರ್ 2024

ಭವಾನಿ,

ಕಾಲು ಚಾಚಿಕೊಂಡೇ ಓದಿದೆ. ಹಿತ್ತಲಿಗೆ ಹೋದದ್ದು ಎರಡೇ ಸಲ.

ಹೆಂಗಸರನ್ನು ಎಣಿಸಬಾರದು. ಅವರಿಗೆ ಸೇರುವುದಿಲ್ಲ. 'ನಮ್ಮನ್ನೇನ ಕುರಿ ಮಾಡೀಯೇನ, ಎಣಿಸಿದ್ರ ಮಂದಿ ಕಡಿಮಿ ಆಗ್ತಾರ' ಅಂತ ಮೊದಲ ವರ್ಷವೇ ಮುಖಕ್ಕೆ ಹೇಳಿದರು. ಅದಕ್ಕೇ ಜೋಡಿ ಮಾಡಿದೆ. ಎಣಿಸುವವಳಿಗೆ ಎಲ್ಲರೂ ಒಂದೇ. ಜೋಡಿಯಿದ್ದರೆ ಒಬ್ಬಳಿಗಾದರೂ ಇನ್ನೊಬ್ಬಳ ಮುಖ ನೆನಪಿರುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬಳನ್ನೂ ಕಳೆದವಳಲ್ಲ ನಾನು. ನಿಮ್ಮ ಅಪ್ಪ ಹೋದಮೇಲೆ ಈ ಊರಿನಲ್ಲಿ ನನಗೆ ಉಳಿದದ್ದು ಆ ಹೆಸರೊಂದೇ. 'ಕಾಶಿ ಅನ್ನದಾನಮ್ಮನ ಕೈಯಾಗ ಕೊಟ್ರ ಚಿಂತಿ ಇಲ್ಲ' ಅಂತಾರೆ.

ಬ್ಯಾಡ್ಜ್ ಹಾಕುವುದಿದ್ದರೆ ಹಾಕು. ನಿನ್ನ ಮೇಡಂ ಹೇಳಿದ್ದಾರೆ, ನಾನು ಏಳನೇ ಇಯತ್ತೆ ಓದಿದವಳು, ವಾದ ಮಾಡುವುದಿಲ್ಲ. ಆದರೆ ಒಂದು ಮಾತು ಕೇಳಲೇಬೇಕು. ವಸಂತಾ ಬರುತ್ತಿದ್ದಾಳೆ. ನೀನು ಸಣ್ಣವಳಿದ್ದಾಗಿಂದ ಬಲ್ಲೆ, ನಮ್ಮ ಹಿಂದಿನ ಓಣಿಯ ಗುರುಶಾಂತಯ್ಯನ ಅಕ್ಕ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದವಳು, ಬಂದಾಗಿನಿಂದ ತಮ್ಮನ ಮನೆಯ ಅಡುಗೆಮನೆಯಲ್ಲೇ ಇದ್ದಾಳೆ. ಎಡಗಿವಿ ಕೇಳುವುದಿಲ್ಲ. ಹದಿನಾಲ್ಕು ವರ್ಷದಿಂದ ನನ್ನ ಜೋಡಿ. ಅವಳನ್ನು ನಾನು ಬೇರೆ ಯಾರ ಜೊತೆಗೂ ಹಾಕಿದವಳಲ್ಲ. ಈ ಸಲ ಅವಳಿಗೆ ನೀನೇ ಜೋಡಿ.

ಉಳಿದವರನ್ನು ಬೇಕಾದರೆ ಎಣಿಸಿಕೋ. ಇವಳ ಕೈ ಮಾತ್ರ ಬಿಡಬೇಡ.

ಅವ್ವ


ವಾರಾಣಸಿ
20 ನವೆಂಬರ್ 2024

ಅವ್ವಾ,

ಫೋನಿನಲ್ಲಿ ನಾನು ಹೇಳಿದ್ದು ಅರ್ಧ, ನೀನು ಕೇಳಿಸಿಕೊಂಡದ್ದು ಕಾಲು. ಈಗ ಪೂರ್ತಿ ಬರೆಯುತ್ತೇನೆ. ಮುಚ್ಚಿಡುವುದಿಲ್ಲ.

ಹದಿನಾಲ್ಕರ ಬೆಳಿಗ್ಗೆ ದಶಾಶ್ವಮೇಧ ಘಾಟಿಗೆ ಸ್ನಾನಕ್ಕೆ ಹೋದೆವು. ಮರುದಿನ ಕಾರ್ತಿಕ ಹುಣ್ಣಿಮೆ, ಘಾಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸ್ನಾನ ಮುಗಿದ ಮೇಲೆ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿ ಎಣಿಸಿದೆ. ಮೂವತ್ತೆಂಟು. ಗಲ್ಲಿಯ ಬಾಯಲ್ಲಿ ಎಣಿಸಿದೆ, ಮೂವತ್ತೆಂಟು. ಮಠದ ಬಾಗಿಲಲ್ಲಿ ಮತ್ತೆ ಎಣಿಸಿದೆ, ಮೂವತ್ತೆಂಟೇ. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಮೊಬೈಲಿನಲ್ಲಿ ಬರೆದುಕೊಂಡೆ ಕೂಡ.

ಪ್ರಸಾದಕ್ಕೆ ಕೂತಾಗ ಪಂಕ್ತಿಯ ಕೊನೆಯಲ್ಲಿ ಒಬ್ಬ ಮುದುಕಿ ಎಲೆ ಮುಟ್ಟದೆ ಅಳುತ್ತಿದ್ದಳು. ಮಠದ ಉಸ್ತುವಾರಿ ನೋಡುವ ಶಂಭುಲಿಂಗಯ್ಯನವರು ಬಂದು ಮಾತಾಡಿಸಿದರು. 'ನಮ್ಮ ಮಂದಿ ಎಲ್ಲಿ ಹೋದ್ರೋ ಯಪ್ಪಾ' ಅಂದಳು. ಹಾನಗಲ್ಲಿನವಳಂತೆ. ಬೆಳಿಗ್ಗೆಯೇ ತನ್ನ ಬಸ್ಸಿನವರಿಂದ ತಪ್ಪಿಸಿಕೊಂಡು ಘಾಟಿನಲ್ಲಿ ಕೂತಿದ್ದಳು. ಅವಳ ಕೊರಳಲ್ಲಿ ನಮ್ಮ ಹಳದಿ ಬ್ಯಾಡ್ಜ್ ಇತ್ತು. ಇದೆಲ್ಲಿಂದ ಬಂತು ಅಂದರೆ, 'ಒಬ್ಬಾಕಿ ತನ್ನ ಕೊಳ್ಳಾಗಿಂದು ತಗದು ನನಗ ಹಾಕಿದ್ಲು. ಇವರ ಹಿಂದ ಹೋಗವ್ವ, ಕನ್ನಡ ಮಂದಿ, ಊಟಕ್ಕ ಹಾಕ್ತಾರ ಅಂದ್ಲು' ಅಂದಳು.

ಆಗ ನಾನು ಒಬ್ಬೊಬ್ಬರ ಮುಖ ನೋಡುತ್ತಾ ಹೋದೆ, ಅವ್ವಾ. ಮೂರು ಸಲ ಎಣಿಸಿದವಳು ಒಂದು ಸಲವೂ ಮುಖ ನೋಡಿರಲಿಲ್ಲ. ವಸಂತಾ ಚಿಕ್ಕಮ್ಮ ಇರಲಿಲ್ಲ.

ಅವಳ ಜೋಡಿ ನಾನಾಗಲಿಲ್ಲ. ಮುಂದೆ ಬಾವುಟ ಹಿಡಿದು ನಡೆಯುತ್ತಿದ್ದೆ. ಮೊದಲ ದಿನವೇ ಅವಳಿಗೆ, 'ಚಿಕ್ಕಮ್ಮಾ, ಈ ಸಲ ಜೋಡಿಗೀಡಿ ಏನಿಲ್ಲ, ಆರಾಮ ತಿರುಗಾಡ್ರಿ' ಅಂದಿದ್ದೆ. ಅವಳು, 'ಹೌದೇನ? ನನಗ ಯಾರೂ ಇಲ್ಲೇನ?' ಅಂತ ಕೇಳಿದಳು. ಇಲ್ಲ ಅಂದೆ.

ಹಾನಗಲ್ಲಿನವರು ಸಂಜೆಯೊಳಗೆ ಬಂದು ತಮ್ಮ ಮುದುಕಿಯನ್ನು ಕರೆದುಕೊಂಡು ಹೋದರು. ನಾವು ಪೊಲೀಸರಿಗೆ ದೂರು ಕೊಟ್ಟೆವು. ಹದಿನಾರಕ್ಕೆ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಉಳಿದವರನ್ನು ರೈಲು ಹತ್ತಿಸಿದೆ. ಯಾರೂ ನನ್ನ ಜೊತೆ ಮಾತಾಡಲಿಲ್ಲ. ಚಿಕ್ಕಮ್ಮನ ಚೀಲ ಮಠದ ಕೋಣೆಯಲ್ಲೇ ಇದೆ, ಸೀರೆಗಳೂ ಇವೆ. ಪೂಜೆಯ ವಿಭೂತಿ, ವಸ್ತ್ರ ಮಾತ್ರ ಇಲ್ಲ. ಸ್ನಾನಕ್ಕೆ ಹೋಗುವಾಗ ಒಯ್ದಿರಬೇಕು.

ಹುಡುಕುತ್ತೇನೆ. ಬೈಯುವುದಿದ್ದರೆ ಬೈ, ಸುಮ್ಮನೆ ಮಾತ್ರ ಇರಬೇಡ.

ಭವಾನಿ


ಗದಗ
2 ಡಿಸೆಂಬರ್ 2024

ಭವಾನಿ,

ನಿನ್ನ ಕಾಗದ ಬಂದ ದಿನವೇ ಹರಿದು ಹಾಕಬೇಕು ಅನಿಸಿತು. ಹರಿಯಲಿಲ್ಲ. ದಿನಕ್ಕೆರಡು ಸಲ ಓದುತ್ತಿದ್ದೇನೆ, ಎಲ್ಲಾದರೂ ಏನಾದರೂ ಸಿಕ್ಕೀತು ಅಂತ.

ಒಂದೇ ಒಂದು ಮಾತು ಹೇಳಿದ್ದೆ. ಬೇರೇನನ್ನೂ ಕೇಳಿರಲಿಲ್ಲ. ನೀನು ಬಾವುಟ ಹಿಡಿದುಕೊಂಡು ನಡೆದೆ.

ಗುರುಶಾಂತಯ್ಯ ದಿನಾ ಬೆಳಿಗ್ಗೆ ಬಂದು ನಮ್ಮ ಕಟ್ಟೆಯ ಮೇಲೆ ಕೂರುತ್ತಾನೆ. 'ಅಕ್ಕನ ಸುದ್ದಿ ಏನರ ಬಂತೇನ್ರಿ?' ಅನ್ನುತ್ತಾನೆ. ಇಲ್ಲ ಅನ್ನುತ್ತೇನೆ. 'ಮನ್ಯಾಗ ಬಾಳ ತ್ರಾಸ ಆಗೇತ್ರಿ. ಹನ್ನೊಂದು ಮಂದಿ ಅದೀವಿ, ರೊಟ್ಟಿ ಬಡಿಯೋರಿಲ್ಲ' ಅನ್ನುತ್ತಾನೆ. ಪಾಪ, ಅವನ ಮುಖ ನೋಡಲಾಗುವುದಿಲ್ಲ. ಶಿವರಾತ್ರಿಯ ತಂಡಕ್ಕೆ ಹೆಸರು ಕೊಟ್ಟಿದ್ದವರು ಒಬ್ಬೊಬ್ಬರಾಗಿ ಹಿಂದೆಗೆಯುತ್ತಿದ್ದಾರೆ. ನಾನೇ ಯಾತ್ರೆ ಇಲ್ಲ ಅಂತ ಹೇಳಿಬಿಟ್ಟೆ. ಅವರಿಂದ ಹೇಳಿಸಿಕೊಳ್ಳುವುದಕ್ಕಿಂತ ಅದು ಮೇಲು.

ಕಾಲು ಮಡಿಸಲು ಬರುವುದಿಲ್ಲ, ಇಲ್ಲದಿದ್ದರೆ ನಾಳೆಯೇ ರೈಲು ಹತ್ತುತ್ತಿದ್ದೆ. ಮಂಚದ ಮೇಲೆ ಬಿದ್ದುಕೊಂಡು ಒಂದೊಂದೇ ಮೆಟ್ಟಿಲು ನೆನೆಸಿಕೊಳ್ಳುತ್ತಿದ್ದೇನೆ. ಅವಳಿಗೆ ಹಿಂದಿ ಒಂದಕ್ಷರ ಬರುವುದಿಲ್ಲ. ಚಳಿ ಶುರುವಾಗಿದೆ. ಹೊದೆಯಲು ಏನಿದೆ ಅವಳ ಹತ್ತಿರ? ಬದುಕಿದ್ದಾಳೋ ಇಲ್ಲವೋ ಅನ್ನುವಲ್ಲಿಗೆ ಬಂದು ವಿಚಾರ ನಿಂತುಬಿಡುತ್ತದೆ.

ನೀನು ಓದಿದ್ದು ಸಾಕು. ಕ್ಲಾಸು, ವರದಿ ಏನೂ ಬೇಡ. ಅವಳನ್ನು ಹುಡುಕು, ಜೊತೆಯಲ್ಲೇ ಕರೆದುಕೊಂಡು ಊರಿಗೆ ಬಾ. ಅವಳಿಲ್ಲದೆ ಬರಬೇಡ.

ಅನ್ನದಾನಮ್ಮ


ವಾರಾಣಸಿ
19 ಡಿಸೆಂಬರ್ 2024

ಅವ್ವಾ,

ಕೊನೆಯಲ್ಲಿ 'ಅವ್ವ' ಅಂತ ಬರೆಯದೆ ಹೆಸರು ಬರೆದಿದ್ದೀಯ. ನೋಡಿದೆ.

ಒಂದು ಕಡೆ ನಿಲ್ಲಲು ಆಗುತ್ತಿಲ್ಲ. ಬೆಳಿಗ್ಗೆ ಘಾಟುಗಳು, ಮಧ್ಯಾಹ್ನ ಅನ್ನಛತ್ರಗಳು, ಸಂಜೆ ಸ್ಟೇಷನ್ನು. ಆಸ್ಪತ್ರೆಗಳನ್ನೂ ನೋಡಿ ಬಂದೆ, ಎಲ್ಲೂ ಇಲ್ಲ. ಕ್ಲಾಸಿನಲ್ಲಿ ಕೂತರೆ ಕಾಲು ತಾನೇ ಅಲುಗುತ್ತಿರುತ್ತದೆ. ಅವಳ ಫೋಟೋ ಹಾಕಿ ಹಿಂದಿಯಲ್ಲೂ ಕನ್ನಡದಲ್ಲೂ ಪೋಸ್ಟರ್ ಮಾಡಿಸಿ ಅಂಟಿಸುತ್ತಿದ್ದೇನೆ. ನಿನ್ನೆ ಸೇತುವೆ ದಾಟಿ ಗಂಗೆಯ ಆಚೆ ದಡದ ರಾಮನಗರದ ಪೇಟೆಯಲ್ಲೂ ಅಂಟಿಸಿ ಬಂದೆ. ದೋಣಿಯವನೊಬ್ಬನಿಗೆ ಫೋಟೋ ತೋರಿಸಿದೆ. 'ದೀದೀ, ಮಾತಾಜಿ ಲೋಗ್ ಸಬ್ ಏಕ್ ಜೈಸೀ ಲಗತೀ ಹೈಂ' ಅಂದ. ಎಲ್ಲ ಮುದುಕಿಯರೂ ಅವನಿಗೆ ಒಂದೇ ಥರ ಕಾಣುತ್ತಾರಂತೆ. ಅವನನ್ನು ಬೈಯುವುದು ಹೇಗೆ? ನಾನು ಮಾಡಿದ್ದೂ ಅದನ್ನೇ.

ಹಾಜರಿ ಕಡಿಮೆಯಾಗಿದೆ ಅಂತ ವಸುಮತಿ ಮೇಡಂ ಕರೆದು ಕೇಳಿದರು. ಎಲ್ಲ ಹೇಳಿದೆ. 'ನಿನ್ನ ಎಣಿಕೆ ಸರೀನೇ ಇತ್ತಲ್ಲಮ್ಮ, ಅದೇ ತೊಂದ್ರೆ ಆಗಿರೋದು' ಅಂದರು. ಮೂರನೇ ದಿನ ಎಲ್ಲರಿಂದ ತುಂಬಿಸಿಕೊಂಡ ಅಭಿಪ್ರಾಯದ ಫಾರಂಗಳು ಇವೆಯಲ್ಲ, ಅವಳದನ್ನು ತೆಗೆದು ನೋಡು ಅಂದರು. ನೋಡಿದೆ. ಊಟ ಚೆನ್ನಾಗಿತ್ತು, ವಸತಿ ಚೆನ್ನಾಗಿತ್ತು, ಎಲ್ಲಕ್ಕೂ ಸರಿ ಗುರುತು. 'ಮತ್ತೆ ನಮ್ಮ ಜೊತೆ ಯಾತ್ರೆಗೆ ಬರುತ್ತೀರಾ' ಅನ್ನುವಲ್ಲಿ ಮಾತ್ರ 'ಇಲ್ಲ'. ಮೂವತ್ತೆಂಟರಲ್ಲಿ ಇಲ್ಲ ಅಂದವಳು ಅವಳೊಬ್ಬಳೇ.

ಪೋಸ್ಟರಿಗಾಗಿ ಅವಳ ಬಗ್ಗೆ ನಾಲ್ಕು ಸಾಲು ಬರೆಯಲು ಕೂತೆ. ಎತ್ತರ, ಬಣ್ಣ, ಎಡಗಿವಿ. ಆಮೇಲೆ ನನಗೆ ಏನೂ ಗೊತ್ತಿಲ್ಲ. ಅವಳಿಗೆ ಏನು ಇಷ್ಟ, ಯಾರ ಜೊತೆ ಮಾತಾಡುತ್ತಿದ್ದಳು, ಮನೆಯಲ್ಲಿ ಹೇಗಿದ್ದಳು? ನೀನು ಹದಿನಾಲ್ಕು ವರ್ಷದ ಜೋಡಿ, ನೀನಾದರೂ ಬರೆ.

ಭವಾನಿ


ರಾಮನಗರ
8 ಜನವರಿ 2025

ಭವಾನಿ,

ನಾನು ವಸಂತಾ. ಬದುಕಿದ್ದೇನೆ, ಹೆದರಬೇಡ.

ಮೊದಲು ಆ ಪೋಸ್ಟರು ತೆಗೆಸು. ಇಲ್ಲಿ ಪೇಟೆಯಲ್ಲಿ ಹಾಲಿನ ಅಂಗಡಿಯ ಗೋಡೆಗೆ ನನ್ನ ಮುಖ ಅಂಟಿಸಿದ್ದೀಯ. ಅದರ ಮುಂದೆಯೇ ದಿನಾ ಓಡಾಡುತ್ತೇನೆ. ಫೋಟೋದಲ್ಲಿ ಅಳುವವರ ಹಾಗೆ ಕಾಣುತ್ತೇನೆ ಅಂತ ಇಲ್ಲಿಯವರು ನಗುತ್ತಾರೆ.

ನಾನು ಕಳೆದುಹೋಗಲಿಲ್ಲ. ಆ ಮುದುಕಿ ಘಾಟಿನಲ್ಲಿ ಅಳುತ್ತಾ ಕೂತಿದ್ದಳು, ಕನ್ನಡದವಳು. ನೀನು ದೂರದಲ್ಲಿ ಒಂದು, ಎರಡು ಅಂತ ಎಣಿಸುತ್ತಿದ್ದೆ. ಅವಳು ನಿಂತರೆ ಲೆಕ್ಕ ಸರಿಯಾಗುತ್ತದೆ ಅಂತ ಹೊಳೆಯಿತು. ಬ್ಯಾಡ್ಜ್ ಅವಳಿಗೆ ಹಾಕಿದೆ. ಅವಳಿಗೂ ದಾರಿ ಆಯಿತು, ನನಗೂ ಆಯಿತು. ಮೇಲೆ ಬಂದು ಟೋಟೋ ಅನ್ನುವ ಬ್ಯಾಟರಿ ರಿಕ್ಷಾ ಹತ್ತಿದೆ. ಎಲ್ಲಿಗೆ ಅಂತ ಓಡಿಸುವವನು ಕೇಳಿದ. ಪಕ್ಕದಲ್ಲಿದ್ದವಳು ರಾಮನಗರ ಅಂದಳು, ನಾನೂ ಅದನ್ನೇ ಅಂದೆ.

ಇಲ್ಲಿ ಕೋಟೆಯ ಹತ್ತಿರ ಒಬ್ಬ ಮುದುಕಿಯ ಹಪ್ಪಳ, ಉಪ್ಪಿನಕಾಯಿಯ ಅಂಗಡಿ ಇದೆ. ಎಲ್ಲರೂ ಚಾಚಿ ಅನ್ನುತ್ತಾರೆ. ಹಪ್ಪಳ ಲಟ್ಟಿಸುವುದನ್ನು ನಿಂತು ನೋಡುತ್ತಿದ್ದೆ, ತಪ್ಪು ಮಾಡುತ್ತಿದ್ದಳು. ಕೂತು ತೋರಿಸಿದೆ. ಅಂದಿನಿಂದ ಇಲ್ಲೇ ಇದ್ದೇನೆ. ಅಂಗಡಿಯ ಹಿಂದೆ ಒಂದು ಕೋಣೆ ಕೊಟ್ಟಿದ್ದಾಳೆ. ಹೊದೆಯಲು ರಜಾಯಿ ಕೊಟ್ಟಿದ್ದಾಳೆ. ಹಿಂದಿ ಮೂವತ್ತು ಶಬ್ದ ಬಂದಿವೆ. ಉಳಿದದ್ದಕ್ಕೆ ಇಬ್ಬರೂ ನಗುತ್ತೇವೆ.

ನೀನು ಓದಿದವಳು, ಯಾಕೆ ಅಂತ ಕೇಳುತ್ತೀಯ. ನನ್ನನ್ನು ಯಾರೂ ಹೊಡೆಯಲಿಲ್ಲ, ಉಪವಾಸ ಹಾಕಲಿಲ್ಲ. ಮೂವತ್ತೇಳು ವರ್ಷ ರೊಟ್ಟಿ ಬಡಿದೆ, ಅಷ್ಟೇ. ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತರೆ, ಅಂಗೈಯಲ್ಲಿ ಲಿಂಗ ಇಟ್ಟುಕೊಳ್ಳುವುದೇ ತಡ, 'ಅತ್ಯಾ, ಚಾ ಆತೇನ?' ಅಂತ ಒಂದು ದನಿ ಬರುತ್ತಿತ್ತು. ಒಂದು ದಿನವೂ ಪೂಜೆ ಪೂರ್ತಿ ಮಾಡಲಿಲ್ಲ. ಇಲ್ಲಿ ನಾನು ಏಳುವವರೆಗೆ ಚಾಚಿ ಅಂಗಡಿಯ ಬಾಗಿಲೇ ತೆಗೆಯುವುದಿಲ್ಲ. ಮೊದಲ ದಿನ ಪೂಜೆ ಮುಗಿದ ಮೇಲೂ ಕೂತೇ ಇದ್ದೆ, ಯಾರಾದರೂ ಕರೆದಾರು ಅಂತ. ಯಾರೂ ಕರೆಯಲಿಲ್ಲ. ಆಗ ಅಳು ಬಂತು, ಸುಖಕ್ಕೆ.

ಒಂಬತ್ತು ವರ್ಷದ ಹಿಂದೆಯೂ ಒಂದು ಸಲ ಹೊರಟಿದ್ದೆ. ದಶಾಶ್ವಮೇಧದಲ್ಲಿ ನಿಮ್ಮ ಅವ್ವನ ಕೈ ಬಿಡಿಸಿಕೊಂಡೆ. ತಿರುಗಿ ಹಿಡಿದುಬಿಟ್ಟಳು. ಜನ ನೂಕಿದರು ಅಂದೆ, ನಂಬಿದಳು. ಆಮೇಲೆ ಒಂದು ದಿನವೂ ಬಿಡಲಿಲ್ಲ. ಅವಳು ಒಳ್ಳೆಯವಳು. ಒಳ್ಳೆಯವರ ಕೈ ಬಿಡಿಸಿಕೊಳ್ಳುವುದು ಬಲು ತ್ರಾಸ.

ಅವಳಿಗೆ ಹೇಳಬೇಡ. ಅವಳಿಗೆ ಗೊತ್ತಾದರೆ ಬಂದು ಕರೆದುಕೊಂಡೇ ಹೋಗುತ್ತಾಳೆ, ನನಗೆ ಇಲ್ಲ ಅನ್ನಲು ಬರುವುದಿಲ್ಲ. ನಿನಗೆ ಕೆಟ್ಟ ಹೆಸರು ಬಂತಲ್ಲ, ಅದಕ್ಕೆ ನನ್ನ ಹತ್ತಿರ ಏನೂ ಇಲ್ಲ ಕೊಡಲು. ತಪ್ಪು ನನ್ನದು.

ವಸಂತಾ


ವಾರಾಣಸಿ
27 ಜನವರಿ 2025

ಅವ್ವಾ,

ನಿನ್ನ ಪತ್ರ ಬಂದಿಲ್ಲ. ಕಾಲು ಹೇಗಿದೆ?

ಇಲ್ಲಿ ಚಳಿ ಜೋರಾಗಿದೆ. ಮಂಜಿನಲ್ಲಿ ಆಚೆ ದಡ ಕಾಣುವುದಿಲ್ಲ. ಕುಂಭಮೇಳಕ್ಕೆ ಪ್ರಯಾಗಕ್ಕೆ ಹೋದವರೆಲ್ಲ ಇಲ್ಲಿಗೂ ಬರುತ್ತಿದ್ದಾರೆ, ಗಲ್ಲಿಗಳಲ್ಲಿ ಹೆಜ್ಜೆ ಎತ್ತಿಡಲು ಆಗುವುದಿಲ್ಲ. ಕ್ಲಾಸುಗಳು ಆನ್‌ಲೈನ್ ನಡೆಯುತ್ತಿವೆ. ಬಿಸಿಲು ಬಂದರೆ ಹಾಸ್ಟೆಲ್ಲಿನ ಮಾಳಿಗೆಯ ಮೇಲೆ ಕೂತು ಓದುತ್ತೇನೆ. ಶಂಭುಲಿಂಗಯ್ಯನವರಿಗೆ ಕೆಮ್ಮು.

ಹುಡುಕಾಟ ನಡೆದಿದೆ. ನೀನು ಬಹಳ ಹಚ್ಚಿಕೊಳ್ಳಬೇಡ. ಅವಳಿಗೆ ಏನೂ ಆಗಿರಲಿಕ್ಕಿಲ್ಲ ಅಂತ ನನಗೆ ಅನಿಸುತ್ತದೆ.

ಭವಾನಿ


ಗದಗ
20 ಫೆಬ್ರವರಿ 2025

ಭವಾನಿ,

ಹನ್ನೆರಡು ಸಾಲಿನ ಕಾಗದದಲ್ಲಿ ಅರ್ಧ ಚಳಿಯ ವಿಚಾರ. ನೀನು ಹುಟ್ಟಿದಾಗಿನಿಂದ ನನಗೆ ಹವೆಯ ಬಗ್ಗೆ ಒಂದು ಮಾತು ಹೇಳಿದವಳಲ್ಲ. ಓದಿದ ಕೂಡಲೇ ನಿನಗೇನೋ ಗೊತ್ತಾಗಿದೆ ಅಂತ ತಿಳಿಯಿತು. ಕೇಳಲಿಲ್ಲ, ನೀನೇ ಹೇಳುತ್ತೀಯ ಅಂತ ಕಾದೆ.

ನಿನ್ನೆ ಗುರುಶಾಂತಯ್ಯನಿಗೆ ವಾರಾಣಸಿಯ ಪೊಲೀಸರ ಫೋನ್ ಬಂತು. ವಸಂತಾ ಠಾಣೆಗೆ ಬಂದು ಹೇಳಿಕೆ ಕೊಟ್ಟಿದ್ದಾಳೆ, ತನ್ನ ಇಚ್ಛೆಯಿಂದ ಇದ್ದಾಳೆ, ವಿಳಾಸ ಕೊಡಲು ಒಪ್ಪಿಲ್ಲ, ದೂರು ಮುಗಿಯಿತು ಅಂದರಂತೆ. ಜೊತೆಗೆ ಒಬ್ಬ ಕನ್ನಡದ ಹುಡುಗಿ ಬಂದಿದ್ದಳಂತೆ. ಅವನು ನೆಟ್ಟಗೆ ನಮ್ಮ ಮನೆಗೆ ಬಂದ. 'ನಿಮ್ಮ ಮಗಳು ನಮ್ಮ ಅಕ್ಕನ್ನ ಬಚ್ಚಿಟ್ಟಾಳ' ಅಂತ ಓಣಿಗೆಲ್ಲ ಕೇಳುವ ಹಾಗೆ ಕೂಗಿದ. ಇಷ್ಟು ದಿನ ನಿನ್ನನ್ನು ಕಳೆದವಳು ಅಂತಿದ್ದರು, ಈಗ ಕದ್ದವಳು ಅನ್ನುತ್ತಾರೆ.

ಎಷ್ಟು ದಿನದಿಂದ ಗೊತ್ತು ನಿನಗೆ? ನಾನು ಇಲ್ಲಿ ಅವಳ ಹೆಣ ನೆನೆಸಿಕೊಂಡು ಮಲಗುತ್ತಿದ್ದಾಗ ಗೊತ್ತಿತ್ತೇ?

ಅವನು ಬರುವ ವಾರ ಇಬ್ಬರನ್ನು ಕಟ್ಟಿಕೊಂಡು ಕಾಶಿಗೆ ಬರುತ್ತಿದ್ದಾನೆ. ಅವನಿಗಿಂತ ಮುಂಚೆ ನನಗೆ ಹೇಳು, ಅವಳೆಲ್ಲಿದ್ದಾಳೆ. ನಾನು ಮಾತಾಡಿದರೆ ಬಂದೇ ಬರುತ್ತಾಳೆ, ನನ್ನ ಮಾತು ಎಂದೂ ಮೀರಿದವಳಲ್ಲ. ಅವಳು ನನ್ನ ಪಕ್ಕದಲ್ಲಿ ನಿಂತು ಈ ಓಣಿಯಲ್ಲಿ ಇಳಿದರೆ ಎಲ್ಲರ ಬಾಯಿ ಮುಚ್ಚುತ್ತದೆ. ನನಗೆ ಬೇಕಾದದ್ದು ಅಷ್ಟೇ. ನಿನ್ನ ಅವ್ವನ ಮುಖ ನೋಡಿ ಹೇಳು.

ಅವ್ವ


ವಾರಾಣಸಿ
5 ಮಾರ್ಚ್ 2025

ಅವ್ವಾ,

ಜನವರಿ ಹತ್ತರಿಂದ ಗೊತ್ತು. ಅವತ್ತು ಅವಳ ಪತ್ರ ಮಠಕ್ಕೆ ಬಂತು, ಅವತ್ತೇ ಹೋಗಿ ನೋಡಿ ಬಂದೆ. ನಿನಗೆ ಹೇಳಬೇಡ ಅಂದಿದ್ದಳು. ನಿನ್ನ ಸಂಕಟ ಗೊತ್ತಿದ್ದೂ ಸುಮ್ಮನಿದ್ದೆ. ಅದಕ್ಕೆ ನೀನು ಏನು ಅಂದರೂ ಕೇಳುತ್ತೇನೆ. ಪೊಲೀಸರ ಹತ್ತಿರ ಹೋಗಿ ಹೇಳಿಕೆ ಕೊಡುವುದೊಂದೇ ದಾರಿ ಅಂತ ವಸುಮತಿ ಮೇಡಂ ಹೇಳಿದರು. ಆಗಲಾದರೂ ಅವಳು ಬದುಕಿದ್ದಾಳೆ ಅಂತ ನಿನಗೆ ತಿಳಿಯುತ್ತದೆ ಅಂತ ನಾನೇ ಅವಳನ್ನು ಒಪ್ಪಿಸಿದೆ.

ಎಲ್ಲಿದ್ದಾಳೆ ಅಂತ ಮಾತ್ರ ಹೇಳುವುದಿಲ್ಲ. ನಿನ್ನ ಮುಖ ನೋಡಿಯೇ ಹೇಳುತ್ತಿದ್ದೇನೆ, ಹೇಳುವುದಿಲ್ಲ.

ಅವಳು ನಿನ್ನ ಮಾತು ಮೀರುವುದಿಲ್ಲ ಅಂತ ಬರೆದಿದ್ದೀಯಲ್ಲ, ಅವಳಿಗೂ ಅದೇ ಹೆದರಿಕೆ. ನೀನು ಬಂದು ನಿಂತರೆ ಎದ್ದು ಹೊರಡುತ್ತಾಳೆ. ಆಮೇಲೆ ಏನು? ನಿನ್ನ ಹೆಸರು ಉಳಿಯುತ್ತದೆ, ನನ್ನದೂ ಉಳಿಯುತ್ತದೆ, ಅವಳು ಹನ್ನೊಂದು ಜನಕ್ಕೆ ರೊಟ್ಟಿ ಬಡಿಯುತ್ತಾಳೆ. ಒಂಬತ್ತು ವರ್ಷದ ಹಿಂದೆಯೂ ಒಂದು ಸಲ ಘಾಟಿನಲ್ಲಿ ನಿನ್ನ ಕೈ ಬಿಡಿಸಿಕೊಂಡು ಹೊರಟಿದ್ದಳಂತೆ. ನೀನು ಹಿಡಿದೆಯಂತೆ. ಜನ ನೂಕಿದರು ಅಂದಳಂತೆ, ನೀನು ನಂಬಿದೆಯಂತೆ. ನಿನ್ನ ಪದ್ಧತಿಯಲ್ಲಿ ಯಾರೂ ಕಳೆಯುವುದಿಲ್ಲ ಅವ್ವಾ, ನಿಜ. ಹೋಗಬೇಕು ಅಂದವರೂ ಹೋಗಲಾರರು.

ಗುರುಶಾಂತಯ್ಯ ಬಂದಿದ್ದ. ಶಂಭುಲಿಂಗಯ್ಯನವರು ಮೂವರಿಗೂ ಊಟ ಹಾಕಿ, ಕೋಣೆ ಕೊಟ್ಟು, 'ನೀವು ಎಷ್ಟು ದಿನ ಬೇಕಾದ್ರೂ ಇರ್ರಿ. ಆಕಿ ವಿಚಾರ ಮಾತ್ರ ನನ್ನ ಕೇಳಬ್ಯಾಡ್ರಿ' ಅಂದರು. ನಾಲ್ಕು ದಿನ ಘಾಟು ಸುತ್ತಿದ. ನನ್ನ ಹಾಸ್ಟೆಲ್ಲಿನ ಗೇಟಿಗೂ ಬಂದು ಕೂಗಾಡಿದ. ನಾನು ಬಾಯಿ ಬಿಡಲಿಲ್ಲ. ಐದನೇ ದಿನ ರೈಲು ಹತ್ತಿದ.

ಇಂಟರ್ನ್‌ಶಿಪ್ ವರದಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇನೆ, ಅವಳ ಹೆಸರು, ಊರು ಬಿಟ್ಟು. ನನ್ನ ವಿಧಾನ ಸೋತಿತು ಅಂತಲೂ ಬರೆದಿದ್ದೇನೆ. ಪರೀಕ್ಷೆ ಮೇ ತಿಂಗಳಲ್ಲಿ. ಅವಳಿಲ್ಲದೆ ಊರಿಗೆ ಬರಬೇಡ ಅಂತ ನೀನು ಅಂದಿದ್ದೆ. ಹಾಗಾದರೆ ನಾನು ಬರುವ ಹಾಗಿಲ್ಲ. ಅದನ್ನು ಬದಲಿಸುವುದು ಬಿಡುವುದು ನಿನಗೆ ಬಿಟ್ಟದ್ದು.

ಭವಾನಿ


ಗದಗ
29 ಮಾರ್ಚ್ 2025

ವಸಂತಾ,

ಈ ಕಾಗದ ಭವಾನಿ ನಿನ್ನ ಕೈಗೆ ಕೊಡುತ್ತಾಳೆ. ನೀನು ಎಲ್ಲಿದ್ದೀಯ ಅಂತ ಅವಳು ನನಗೆ ಹೇಳಿಲ್ಲ. ನಾನೂ ಇನ್ನು ಕೇಳುವುದಿಲ್ಲ. ಓದು ಮುಗಿಸಿ ಮನೆಗೆ ಬಾ ಅಂತ ಅವಳಿಗೆ ಬೇರೆ ಬರೆದಿದ್ದೇನೆ.

ನಿನ್ನ ತಮ್ಮ ಕಾಶಿಯಿಂದ ಬಂದವನೇ ನಾಲ್ಕು ಹಿರಿಯರನ್ನು ನಮ್ಮ ಕಟ್ಟೆಗೆ ಕರೆದುಕೊಂಡು ಬಂದ. ನ್ಯಾಯ ಆಗಬೇಕು ಅಂದ. ನಾನು ಕೋಲು ಊರಿಕೊಂಡು ಹೊರಗೆ ಬಂದೆ. 'ಹುಡುಗಿ ಏನೂ ಮಾಡಿಲ್ರಿ. ಯಾತ್ರೆ ನಂದು, ಜವಾಬ್ದಾರಿ ನಂದು. ವಸಂತಾ ಆರಾಮ ಅದಾಳ. ಎಲ್ಲಿ ಅದಾಳ ನನಗ ಗೊತ್ತಿಲ್ಲ, ಗೊತ್ತಿದ್ರೂ ಹೇಳತಿದ್ದಿಲ್ಲ' ಅಂದೆ. ಬಸವಲಿಂಗಯ್ಯನವರು, ಅವರೇ ಎಲ್ಲರಿಗಿಂತ ಹಿರಿಯರು, 'ಹಿಂಗಾದ್ರ ಇನ್ನ ಮುಂದ ನಿಮ್ಮ ಕೂಡ ಯಾರು ಹೆಣ್ಣುಮಕ್ಕಳನ್ನ ಕಳಸ್ತಾರ?' ಅಂದರು. ಕಳಿಸದಿದ್ದರೆ ಬೇಡ ಅಂದೆ. ಆಡಿದ ಮೇಲೆ ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಇಪ್ಪತ್ತೆರಡು ವರ್ಷ ಗಳಿಸಿದ್ದನ್ನು ಒಂದು ಮಾತಿನಲ್ಲಿ ಬಿಟ್ಟೆ. ಸಂಕಟ ಆಗಲಿಲ್ಲ ಅಂತ ಹೇಳಲಾರೆ.

ನೀನು ಬದುಕಿದ್ದೀಯ ಅಂತ ಪೊಲೀಸರು ಹೇಳಿದ ದಿನ ಗುರುಶಾಂತಯ್ಯ ಕೇಳಿದ್ದು, ಅಕ್ಕ ಯಾವಾಗ ಬರುತ್ತಾಳೆ ಅಂತ. ಹೇಗಿದ್ದಾಳೆ ಅಂತ ಕೇಳಲಿಲ್ಲ. ನಾನೂ ಕೇಳಲಿಲ್ಲ. ಎಲ್ಲಿದ್ದಾಳೆ ಅಂತಲೇ ಕೇಳಿದೆ. ನಿನಗೆ ಏನು ಇಷ್ಟ ಅಂತ ಭವಾನಿ ಚಳಿಗಾಲದಲ್ಲಿ ಬರೆದು ಕೇಳಿದ್ದಳು. ಮೂರು ಸಲ ಉತ್ತರ ಬರೆಯಲು ಕೂತೆ. ನೀನು ನನಗೆ ಏನೇನು ಮಾಡಿಕೊಡುತ್ತಿದ್ದೆ ಅನ್ನುವುದೇ ನೆನಪಾಯಿತು. ನಿನಗೇನು ಬೇಕು ಅಂತ ಗೊತ್ತಿರಲಿಲ್ಲ. ಅದಕ್ಕೇ ಅವಳಿಗೆ ಉತ್ತರ ಹೋಗಲಿಲ್ಲ.

ಈಗ ಹೇಳಬೇಕಾದ ಮಾತು ಹೇಳುತ್ತೇನೆ. ಆ ವರ್ಷ ನೀನು ಕೈ ಬಿಡಿಸಿಕೊಂಡಾಗ ಜನ ನೂಕಿದರು ಅಂದೆ. ನಾನು ಹೌದು ಅಂದೆ. ನಾನು ನಂಬಿದೆ ಅಂತ ಇಷ್ಟು ವರ್ಷ ತಿಳಿದುಕೊಂಡಿದ್ದೀಯ. ಜನರೆಲ್ಲ ಕೆಳಗೆ ನೀರಿನ ಹತ್ತಿರ ಇದ್ದರು, ವಸಂತಾ. ಮೇಲಿನ ಮೆಟ್ಟಿಲಲ್ಲಿ ಇದ್ದದ್ದು ನಾವಿಬ್ಬರೇ. ನಿನ್ನ ಮುಖ ನೋಡಿದೆ, ನೀನು ಹೊರಟಿದ್ದೀಯ ಅಂತ ಗೊತ್ತಾಯಿತು. ಗೊತ್ತಾಗಿಯೇ ಹಿಡಿದೆ. ನೀನು ಹೋದರೆ ಊರಿನಲ್ಲಿ ನನ್ನ ಹೆಸರು ಹೋಗುತ್ತದೆ ಅಂತ ಹಿಡಿದೆ. ಆಮೇಲೂ ಪ್ರತಿ ವರ್ಷ ನಿನ್ನನ್ನು ನನಗೇ ಜೋಡಿ ಮಾಡಿಕೊಂಡೆ. ನೋಡಿದವರು ಗೆಳತಿಯರು ಅಂದರು. ನಾನು ಕಾವಲು ಕಾಯುತ್ತಿದ್ದೆ.

ಕ್ಷಮಿಸು ಅಂತ ಬರೆದು ಹೊಡೆದು ಹಾಕಿದ್ದೇನೆ, ಕಾಣುತ್ತದೆ. ಕೇಳುವ ಮುಖ ನನಗಿಲ್ಲ.

ಕಾಲು ಈಗ ಪರವಾಗಿಲ್ಲ, ರೈಲು ಹತ್ತಬಲ್ಲೆ. ನಿನ್ನನ್ನು ನೋಡಬೇಕು ಅಂತ ಜೀವ ಹಂಬಲಿಸುತ್ತದೆ. ಆದರೆ ಬರುವುದಿಲ್ಲ. ನೀನು ಎದುರಿಗೆ ಬಂದರೆ ಮತ್ತೆ ನಿನ್ನ ಕೈ ಹಿಡಿದುಬಿಡುತ್ತೇನೆ ಅನ್ನುವ ಹೆದರಿಕೆ ನನಗೇ ಇದೆ.

ಅನ್ನದಾನಮ್ಮ